ಮಕ್ಕಳ ದಾದಿ: ಆಕೆಯ ಕೆಲಸ, ಆಕೆಯ ಅಧಿಕಾರ

ಒಂದು ನಾಡು ಎಷ್ಟು ಮುಂದುವರಿದಿದೆ ಎಂಬುದನ್ನು ಅಳೆಯಲು ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಹಲವು ಅಳತೆಗಳಿವೆ. ತಲಾ ಆದಾಯ, ಸಾಕ್ಷರತೆ, ಉದ್ದಿಮೆಗಳ ಉತ್ಪನ್ನ ಮುಂತಾದವು. ಇವೆಲ್ಲಕ್ಕಿಂತ ಸರಳವಾದ ಅಳತೆ ಇನ್ನೊಂದಿದೆ. ಹುಟ್ಟಿದ ಸಾವಿರ ಕೂಸುಗಳಲ್ಲಿ ವರುಷ ತುಂಬುವ ಮೊದಲೇ ತೀರಿಹೋಗುವ ಕೂಸುಗಳೆಷ್ಟು? ಇದಕ್ಕೆ ಶಿಶುಮರಣ ಪ್ರಮಾಣವೆಂದು ಹೆಸರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಈ ಸಂಖ್ಯೆ 2005–06ರಲ್ಲಿ 43 ಇದ್ದದ್ದು 2019–21ರಲ್ಲಿ ಸುಮಾರು 25ಕ್ಕೆ ಇಳಿಯಿತು. ಆಗ ಇಡೀ ಭಾರತದ ಸಂಖ್ಯೆ 35. ಇದು ಸಂತೋಷಪಡತಕ್ಕ ಸಂಗತಿಯೇ. ಆದರೆ ಆ 25ರಲ್ಲಿ ಸುಮಾರು 16 ಕೂಸುಗಳು ಹುಟ್ಟಿದ ಮೊದಲ 28 ದಿನಗಳಲ್ಲಿಯೇ ತೀರಿಕೊಂಡಂಥವು ಎಂಬುದನ್ನು ನೆನೆದಾಗ ಸಂತೋಷ ಅಲ್ಲಿಗೇ ನಿಲ್ಲುತ್ತದೆ.

ಈ 28 ದಿನಗಳಲ್ಲಿ ಕೂಸಿನ ತೊಟ್ಟಿಲ ಬಳಿ ಯಾರಿರುತ್ತಾರೆ? ತಾಯಿ ಇರುತ್ತಾಳೆ, ಅಜ್ಜಿ ಇರುತ್ತಾಳೆ. ವೈದ್ಯರು ಇರುವದಿಲ್ಲ. ಹಳ್ಳಿಯಲ್ಲಂತೂ ವೈದ್ಯಶಾಸ್ತ್ರವನ್ನು ಬಲ್ಲವರಾಗಿ ಆ ತೊಟ್ಟಿಲವರೆಗೆ ನಡೆದು ಬರುವವಳು ದಾದಿಯೊಬ್ಬಳೇ. ಆಕೆ ಏನು ಮಾಡಬಲ್ಲಳು, ಏನು ಮಾಡಲು ಆಕೆಗೆ ಅಪ್ಪಣೆಯಿದೆ, ಇವೆರಡರ ನಡುವೆ ಅಂತರವೆಷ್ಟು ಎಂಬುದನ್ನು ನನ್ನ ಅಲ್ಪ ತಿಳುವಳಿಕೆಗೆ ನಿಲುಕಿದಷ್ಟು ವಿವರಿಸುವದೇ ಈ ಲೇಖನದ ಉದ್ದೇಶ. ನಾನು ವೈದ್ಯಕೀಯದ ವಿದ್ಯಾರ್ಥಿನಿಯಲ್ಲ. ಬಿ.ಎ. ಓದುತ್ತಿರುವ, ಶಿರೂರಿನ ಒಂದು ಒಕ್ಕಲುತನದ ಮನೆಯ ಹುಡುಗಿ. ಆದರೂ ಈ ವಿಷಯ ನಮ್ಮೆಲ್ಲರ ಮನೆಯ ವಿಷಯವಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಹೆಸರುಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಪುಸ್ತಕದಲ್ಲಿ ಶುಶ್ರೂಷಕಿ ಅಥವಾ ದಾದಿ ಎಂದು ಬರೆಯುತ್ತೇವೆ. ನಮ್ಮೂರಿನಲ್ಲಿ ನರ್ಸಬಾಯಿ ಎನ್ನುತ್ತಾರೆ, ಎದುರಿಗೆ ‘ಅಕ್ಕಾರ’ ಎಂದು ಕರೆಯುತ್ತಾರೆ. ಬಿಳಿ ಕೋಟು ಹಾಕಿದವರೆಲ್ಲ ಜನರ ಕಣ್ಣಿಗೆ ಒಂದೇ. ವಾಸ್ತವವಾಗಿ ಅವರಲ್ಲಿ ಹಲವು ದರ್ಜೆಗಳಿವೆ. ಓಣಿ ಓಣಿ ತಿರುಗುವ ಆಶಾ ಕಾರ್ಯಕರ್ತೆ ದಾದಿಯಲ್ಲ. ಆಕೆ ಊರಿನವಳೇ ಆದ, ತರಬೇತಿ ಪಡೆದ ಸ್ವಯಂಸೇವಕಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಈ ವ್ಯವಸ್ಥೆ ಬಂದಿತು. ಸುಮಾರು 5,000 ಜನಸಂಖ್ಯೆಗೆ ಒಂದರಂತೆ ಇರತಕ್ಕ ಉಪಕೇಂದ್ರದಲ್ಲಿ ಕೆಲಸ ಮಾಡುವವಳು ಎ.ಎನ್.ಎಂ. ಎಂದು ಬಹುಕಾಲದಿಂದ ಹೆಸರಾದ ದಾದಿ. ಕರ್ನಾಟಕದಲ್ಲಿ ಈಗ ಆಕೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವವಳು ಸ್ಟಾಫ್ ನರ್ಸ್. 2018ರ ಆಯುಷ್ಮಾನ್ ಭಾರತ ಯೋಜನೆಯಿಂದ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಇನ್ನೊಂದು ಹುದ್ದೆ ಉಪಕೇಂದ್ರಗಳಿಗೆ ಬಂದಿದೆ. ಇವರಲ್ಲಿ ಬಹಳ ಮಂದಿ ನರ್ಸಿಂಗ್ ಪದವೀಧರರೇ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಅಂಗೈಯಷ್ಟೇ ಇರುವ ಕೂಸುಗಳನ್ನು ಹಗಲಿರುಳು ಕಾಯುವ ದಾದಿಯರು ಬೇರೆ.

ಇವರೆಲ್ಲರಿಗಿಂತ ಭಿನ್ನವಾದ ಒಂದು ದರ್ಜೆ ಹೊರದೇಶಗಳಲ್ಲಿದೆ. ಅದೇ ಮಕ್ಕಳ ಚಿಕಿತ್ಸಾ ದಾದಿ. ಆಕೆ ಮೊದಲು ದಾದಿಯಾಗಿ ನೋಂದಣಿ ಪಡೆದು, ಅನಂತರ ಮಕ್ಕಳ ಬೆಳವಣಿಗೆ ಮತ್ತು ಕಾಯಿಲೆಗಳ ವಿಷಯದಲ್ಲಿ ಹೆಚ್ಚಿನ ವ್ಯಾಸಂಗ ಮಾಡಿರುತ್ತಾಳೆ. ಕೂಸನ್ನು ಪರೀಕ್ಷಿಸುವದು, ಸಾಮಾನ್ಯ ರೋಗವನ್ನು ಗುರುತಿಸುವದು, ಔಷಧ ಬರೆಯುವದು, ಲಸಿಕೆ ಹಾಕುವದು, ತನ್ನ ಅಳವಿಗೆ ಮೀರಿದ್ದನ್ನು ವೈದ್ಯರಿಗೆ ಒಪ್ಪಿಸುವದು ಆಕೆಯ ಕೆಲಸ. ಇದನ್ನೆಲ್ಲ ಆಕೆ ಯಾರ ಕಣ್ಣು ತಪ್ಪಿಸಿಯೂ ಮಾಡುವದಿಲ್ಲ. ಕಾಯಿದೆ ತನಗೆ ಕೊಟ್ಟ ಅಧಿಕಾರದಿಂದ ಮಾಡುತ್ತಾಳೆ.

ಈ ಹುದ್ದೆ ಹುಟ್ಟಿದ ಬಗೆ ಕುತೂಹಲಕರವಾಗಿದೆ. ಅಮೇರಿಕೆಯ ಕೊಲೊರಾಡೋ ಪ್ರಾಂತ್ಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ದಾದಿ ಹಳ್ಳಿಗಾಡಿನಲ್ಲಿ ಸೇವೆ ಮಾಡಿದ್ದರು. ಅಲ್ಲಿ ಮಕ್ಕಳಿದ್ದರು, ಮಕ್ಕಳ ವೈದ್ಯರು ಸಾಲುತ್ತಿರಲಿಲ್ಲ. 1965ರಲ್ಲಿ ಅವರು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೊಡನೆ ಕೂಡಿ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ದಾದಿಯರಿಗಾಗಿ ಹೊಸ ಶಿಕ್ಷಣಕ್ರಮವನ್ನು ಆರಂಭಿಸಿದರು. ಚಿಕಿತ್ಸಾ ದಾದಿಯೆಂಬ ಹುದ್ದೆಗೆ ಅದೇ ಮೊದಲು. ಮುಂದೆ ಅದು ವೃದ್ಧರ ಆರೈಕೆ, ತುರ್ತುಚಿಕಿತ್ಸೆ ಮುಂತಾಗಿ ನಾನಾ ಶಾಖೆಗಳಾಗಿ ಹರಡಿತು. ಫೋರ್ಡ್ ಅವರು 2025ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ ನಿಧನರಾದರು. ಈ ಇಡೀ ವೃತ್ತಿ ಮೊಳೆತದ್ದೇ ಮಕ್ಕಳ ಸಲುವಾಗಿ, ಅದರಲ್ಲೂ ವೈದ್ಯರು ತಲುಪದ ಹಳ್ಳಿಯ ಮತ್ತು ಬಡವರ ಮಕ್ಕಳ ಸಲುವಾಗಿ ಎಂಬುದೇ ನಮಗೆ ಇಲ್ಲಿ ಮುಖ್ಯ.

ಮಕ್ಕಳಿಗಾಗಿ ಬೇರೆ ವಿದ್ಯೆಯೇಕೆ, ದೊಡ್ಡವರ ಔಷಧವನ್ನೇ ಅರ್ಧ ಮಾಡಿ ಕೊಟ್ಟರಾಗದೆ ಎಂದು ಕೇಳುವವರಿದ್ದಾರೆ. ಕೂಸು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. ಅದಕ್ಕೆ ತನ್ನ ನೋವನ್ನು ಹೇಳಲು ಬಾರದು. ಅದರ ರೋಗ ಬೆಳಿಗ್ಗೆ ಕಾಣಿಸಿ ಸಂಜೆಗೆ ಕೈಮೀರಬಹುದು. ಆದುದರಿಂದ ಮಕ್ಕಳನ್ನು ನೋಡುವವರಿಗೆ ಬೇಕಾದದ್ದು ಪಳಗಿದ ಕಣ್ಣು ಮತ್ತು ತಾಳ್ಮೆ. ಇದಕ್ಕೆ ಎರಡು ಮೂರು ಉದಾಹರಣೆ ಕೊಡುತ್ತೇನೆ.

ಕೆಮ್ಮು, ನೆಗಡಿ ಬಂದ ಕೂಸನ್ನು ತಾಯಿ ಎತ್ತಿಕೊಂಡು ಬರುತ್ತಾಳೆ. ಅದು ಬರೀ ನೆಗಡಿಯೋ ನ್ಯುಮೋನಿಯಾವೋ? ಎದೆಯ ಚಿತ್ರ ತೆಗೆಯುವ ಯಂತ್ರ ಉಪಕೇಂದ್ರದಲ್ಲಿಲ್ಲ. ದಾದಿ ಮಾಡುವದು ಇಷ್ಟೇ. ಕೂಸು ಅಳು ನಿಲ್ಲಿಸುವವರೆಗೆ ಕಾಯುತ್ತಾಳೆ, ಅಂಗಿಯನ್ನು ಮೇಲೆ ಸರಿಸಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸುತ್ತಾಳೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರುಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರುಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಇನ್ನೂ ಗಂಡಾಂತರ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಈ ಕ್ರಮವನ್ನು ಭಾರತ ಸರಕಾರವು ನವಜಾತ ಶಿಶುವನ್ನೂ ಸೇರಿಸಿಕೊಂಡು 2003ರಿಂದ ನಮ್ಮ ದಾದಿಯರಿಗೆ ಕಲಿಸುತ್ತಾ ಬಂದಿದೆ. ಕೇಳಲು ಇದು ಸುಲಭ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಒಂದೇ ಕೂಸಿನ ಹೊಟ್ಟೆಯನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಕೂಡುವದು ಸುಲಭವಲ್ಲ. ಆ ಒಂದು ನಿಮಿಷವನ್ನು ಉಳಿಸಲು ಹೋದರೆ ರೋಗ ತಪ್ಪಿಸಿಕೊಳ್ಳುತ್ತದೆ.

ಇನ್ನು ವಾಂತಿ-ಭೇದಿ. ದಾದಿ ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ಬಿಡುತ್ತಾಳೆ. ಚರ್ಮ ನಿಧಾನವಾಗಿ ಹಿಂದಿರುಗಿದರೆ ಮೈಯ ನೀರು ಬತ್ತಿದೆ ಎಂದರ್ಥ. ಕಣ್ಣು ಗುಳಿಬಿದ್ದಿವೆಯೇ, ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆಯೇ ಅಥವಾ ಕುಡಿಯಲೂ ಶಕ್ತಿಯಿಲ್ಲವೇ ಎಂದು ನೋಡುತ್ತಾಳೆ. ಆಮೇಲೆ ಓ.ಆರ್.ಎಸ್. ಪೊಟ್ಟಣ ಮತ್ತು ಹದಿನಾಲ್ಕು ದಿನದ ಸತುವಿನ ಗುಳಿಗೆ. ಈ ಉಪ್ಪು-ಸಕ್ಕರೆಯ ನೀರಿನ ಮಹತ್ವ ಜಗತ್ತಿಗೆ ತಿಳಿದದ್ದು ನಮ್ಮ ದೇಶದಲ್ಲಿಯೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಡಾ. ದಿಲೀಪ ಮಹಾಲನಬಿಸ್ ಅವರು ಈ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅವರ ಆರೈಕೆಯಲ್ಲಿದ್ದವರಲ್ಲಿ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ತಕ್ಕ ತಿಳುವಳಿಕೆಯನ್ನು ವೈದ್ಯರಲ್ಲದವರ ಕೈಗೆ ಕೊಟ್ಟರೆ ಜೀವ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೂರನೆಯದು ಹಸಿವಿನ ರೋಗ. ದಾದಿಯ ಚೀಲದಲ್ಲಿ ಬಣ್ಣದ ಪಟ್ಟಿಯೊಂದಿರುತ್ತದೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ನಡುವೆ ಅದನ್ನು ಸುತ್ತಿದಾಗ ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಪಟ್ಟಿ ಕೆಂಪು ತೋರಿಸುತ್ತದೆ. ಅದು ತೀವ್ರ ಅಪೌಷ್ಟಿಕತೆ. 2019–21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರುಷದವರಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇತ್ತು. ಇಂಥ ಮಗು ರೋಗಿಯಂತೆ ಕಾಣುವದಿಲ್ಲ. ‘ನಮ್ಮ ಮನೆತನದಾಗ ಎಲ್ಲಾರೂ ಸಣ್ಣ ಆಳs’ ಎಂದು ಹಿರಿಯರು ಸಮಾಧಾನ ಪಡುತ್ತಾರೆ. ಪಟ್ಟಿಗೆ ಮನೆತನ ಗೊತ್ತಿಲ್ಲ, ಅದು ಇದ್ದದ್ದನ್ನೇ ಹೇಳುತ್ತದೆ.

ಆದರೆ ಬರೀ ಅಳತೆ, ಎಣಿಕೆಯಿಂದ ದಾದಿಯ ಕೆಲಸ ಮುಗಿಯುವದಿಲ್ಲ. ಆಕೆ ಮನೆಯ ಹಿರಿಯರನ್ನು ಗೆಲ್ಲಬೇಕು. ನಮ್ಮ ಕಡೆಗೆ ಹುಟ್ಟಿದ ಕೂಸಿಗೆ ಮೊದಲು ಜೇನುತುಪ್ಪವನ್ನೋ ಬೆಲ್ಲದ ನೀರನ್ನೋ ನೆಕ್ಕಿಸುವ ರೂಢಿ ಹಲವು ಮನೆಗಳಲ್ಲಿದೆ. ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವದೂ ಉಂಟು. ಕೂಸು ಬೆಚ್ಚಿದರೆ, ಹಳದಿಯಾದರೆ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿ ಇನ್ನೂ ಪೂರ್ಣ ಹೋಗಿಲ್ಲ. ಇವನ್ನು ಕಂಡು ಬೈಯುವ ದಾದಿಗೆ ಮರುದಿನ ಆ ಮನೆಯ ಬಾಗಿಲು ತೆರೆಯುವದಿಲ್ಲ. ನಮ್ಮ ಓಣಿಗೆ ಬರುವ ದಾದಿ ಒಬ್ಬ ಅಜ್ಜಿಯನ್ನು ಹೇಗೆ ಒಪ್ಪಿಸಿದರೆಂಬುದನ್ನು ನಾನೇ ಕೇಳಿದ್ದೇನೆ. ‘ಯವ್ವಾ, ಆಕಳ ಈದ್ರ ಕರಕ್ಕ ಗಿಣ್ಣದ ಹಾಲು ಬಿಡ್ತೀರೋ ಇಲ್ಲೋ?’ ‘ಬಿಡ್ತೀವಿ ಮತ್ತ, ಇಲ್ಲಂದ್ರ ಕರಾ ನಿಲ್ಲತೈತೇನು?’ ‘ಹಂಗಾರ ನಿಮ್ಮ ಮೊಮ್ಮಗಾ ಕರಕ್ಕಿಂತ ಕಡಿಮಿ ಏನು?’ ಅಜ್ಜಿ ನಕ್ಕಳು. ಹಾಲು ಚೆಲ್ಲುವದು ನಿಂತಿತು. ಅದೇ ದಾದಿ ಅಜ್ಜಿ ಹೊಲಿದ ಕುಂಚಿಗೆಯನ್ನು ಹೊಗಳಿದರು, ಕೂಸಿನ ತಲೆ ಬೆಚ್ಚಗಿಡುವ ನಿಮ್ಮ ಪದ್ಧತಿ ಸರಿ ಎಂದರು. ಹಳೆಯದರಲ್ಲಿ ಒಳ್ಳೆಯದನ್ನು ಉಳಿಸಿ, ಕೆಟ್ಟದ್ದನ್ನು ಬಿಡಿಸುವದು ಒಂದು ವಿದ್ಯೆ.

ಹೀಗೆ ಹೇಳುವಾಗ ನಮ್ಮ ಸೂಲಗಿತ್ತಿಯರನ್ನು ಮರೆಯಲಾಗದು. ದವಾಖಾನೆ ಇಲ್ಲದ ಕಾಲದಲ್ಲಿ ತಾಯಿ ಕೂಸುಗಳ ಪಾಲಿಗೆ ಅವರೇ ಎಲ್ಲವೂ ಆಗಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಹಿಗ್ಗಿತು. ಈಗ ಹೆರಿಗೆಗಳು ಮನೆಯಿಂದ ದವಾಖಾನೆಗೆ ಬಂದಿವೆ. ಕರ್ನಾಟಕದಲ್ಲಿ 2005–06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019–21ರ ಹೊತ್ತಿಗೆ 97. ಆದರೆ ತಾಯಿ ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾಳೆ. ಸೂಲಗಿತ್ತಿ ದಿನವೂ ಬಂದು ಕೂಸಿಗೆ ಎರೆಯುತ್ತಿದ್ದಳು, ಆ ನೆಪದಲ್ಲಿ ಅದರ ಮೈಯನ್ನು ನೋಡುತ್ತಿದ್ದಳು. ಆಕೆ ಹೋದಮೇಲೆ ತೆರವಾದ ಆ ಜಾಗವನ್ನು ತುಂಬುವವರು ಯಾರು? 2011ರಿಂದ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ತೂಕ, ಮೈಯ ಬಿಸಿ, ಹಾಲು ಕುಡಿಯುವ ಬಗೆ ನೋಡಬೇಕೆಂಬ ನಿಯಮ ಬಂದಿದೆ. ಆಕೆಗೆ ಅನುಮಾನ ಬಂದರೆ ತಿಳಿಸತಕ್ಕದ್ದು ದಾದಿಗೆ.

ಈ ಸರಪಳಿಯ ಬೆಲೆ ನಮ್ಮ ಮನೆಯಲ್ಲಿಯೇ ನನಗೆ ತಿಳಿದಿದೆ. ನನ್ನ ಅಕ್ಕನಿಗಿಂತ ಮೊದಲು ನನ್ನ ತಾಯಿಗೆ ಒಂದು ಗಂಡುಕೂಸು ಹುಟ್ಟಿತ್ತು. ತವರುಮನೆಯಲ್ಲಿ, ಹಡೆದ ಕೋಣೆಯಲ್ಲಿ. ಎಂಟನೆಯ ದಿನ ಹಾಲು ಕುಡಿಯುವದನ್ನು ಬಿಟ್ಟಿತು, ಮೈ ತಣ್ಣಗಾಯಿತು. ದೃಷ್ಟಿಯಾಗಿದೆಯೆಂದು ನಿವಾಳಿಸಿದರು. ಬೆಳಗಾಗುವಷ್ಟರಲ್ಲಿ ತೀರಿಕೊಂಡಿತು. ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲವಾದ್ದರಿಂದ ಅದಕ್ಕೆ ಹೆಸರೇ ಇಲ್ಲ. ಅವ್ವ ಮಕ್ಕಳನ್ನು ಎಣಿಸುವಾಗ ‘ಮೊದಲಿಂದು’ ಎಂದಷ್ಟೇ ಹೇಳುತ್ತಾಳೆ.

ಎರಡು ವರುಷದ ಹಿಂದೆ ನನ್ನ ಅಕ್ಕ ಹಡೆದಳು. ಕೂಸಿನ ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಎರಡೂವರೆ ಕಿಲೋಕ್ಕಿಂತ ಕಡಿಮೆಯಿದ್ದರೆ ಅದು ಕಡಿಮೆ ತೂಕದ ಕೂಸು. ಆಸ್ಪತ್ರೆಯಲ್ಲಿದ್ದಾಗಲೇ ದಾದಿ ಆಕೆಗೆ ಕಾಂಗರೂ ಆರೈಕೆ ಕಲಿಸಿದ್ದರು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒತ್ತಿ ಕಟ್ಟಿಕೊಂಡು, ಆ ಕಾವಿನಿಂದಲೇ ಕಾಯುವ ಕ್ರಮವದು. 1978ರಲ್ಲಿ ದಕ್ಷಿಣ ಅಮೇರಿಕದ ಬೊಗೋಟಾ ನಗರದಲ್ಲಿ, ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ ಡಾ. ಎಡ್ಗರ್ ರೇ ಅವರು ಹೂಡಿದ್ದು. ಹನ್ನೊಂದನೆಯ ದಿನ ಕೂಸು ಹಾಲು ಬಿಟ್ಟಿತು. ಮೊದಲಿನ ಕೂಸಿನದೇ ಲಕ್ಷಣ. ಅವ್ವ ನಡುಗಿಹೋದಳು. ಆಶಾ ಕಾರ್ಯಕರ್ತೆ ದಾದಿಗೆ ಫೋನು ಮಾಡಿದಳು. ದಾದಿ ಬಂದವರೇ ಉಸಿರೆಣಿಸಿದರು, ನಿಮಿಷಕ್ಕೆ 66. ಇದು ನಂಜಿರಬಹುದು ಎಂದು, ನಿಯಮದಂತೆ ಮೊದಲ ಪಾಳಿಯ ಔಷಧ ಹಾಕಿ, ಅದನ್ನು ಚೀಟಿಯಲ್ಲಿ ಬರೆದು, ಕೂಸನ್ನು ಅಕ್ಕನ ಎದೆಗೆ ಕಟ್ಟಿಸಿ 108 ಗಾಡಿಯಲ್ಲಿ ಕಳುಹಿಸಿದರು. ಆ ಕೂಸು ಈಗ ಅಂಗಳದ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತದೆ.

ಆ ದಾದಿ ಸೂಜಿ ಹಾಕಲು ಹೆದರಲಿಲ್ಲವೇಕೆ? ಧೈರ್ಯದಿಂದ ಮಾತ್ರವಲ್ಲ, ಅಪ್ಪಣೆ ಇದ್ದುದರಿಂದ. ಎಳೆಗೂಸಿನ ನಂಜಿಗೆ ಜೆಂಟಾಮೈಸಿನ್ ಸೂಜಿಯನ್ನು ನಿರ್ದಿಷ್ಟ ಸಂದರ್ಭಗಳಲ್ಲಿ ಎ.ಎನ್.ಎಂ. ದಾದಿಯೂ ಹಾಕಬಹುದೆಂದು ಭಾರತ ಸರಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದೊಂದು ಕಾಗದ ಇಲ್ಲದಿದ್ದರೆ, ವಿದ್ಯೆ ಇದ್ದೂ ಆಕೆ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ವಿದ್ಯೆ ಮತ್ತು ಅಧಿಕಾರ ಜೋಡಿ ಎತ್ತುಗಳಿದ್ದಂತೆ. ಒಂದನ್ನೇ ಹೂಡಿದರೆ ನೇಗಿಲು ನೆಟ್ಟಗೆ ಹೋಗುವದಿಲ್ಲ.

ವೈದ್ಯರಲ್ಲದವರಿಗೆ ವಿದ್ಯೆ ಕೊಟ್ಟರೆ ಫಲ ಸಿಗುವದೆಂಬುದಕ್ಕೆ ಹತ್ತಿರದ ನಿದರ್ಶನಗಳಿವೆ. ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಸ್ಥಳೀಯ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಅಲ್ಲಿ ನವಜಾತ ಶಿಶುಗಳ ಮರಣ ಶೇಕಡಾ 62ರಷ್ಟು ಕಡಿಮೆಯಾದದ್ದನ್ನು 1999ರಲ್ಲಿ ಪ್ರಕಟಿಸಿದರು. ಇಂದಿನ ಆಶಾ ಮನೆಭೇಟಿಗೆ ಅದೇ ಮೂಲ. ನಮ್ಮ ಉತ್ತರ ಕರ್ನಾಟಕದಲ್ಲಿಯೇ, ಬಾಗಲಕೋಟೆಯೂ ಸೇರಿ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆ ನಡೆಯಿತು. ಅನುಭವಿ ದಾದಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ದಾದಿಯ ಪಕ್ಕದಲ್ಲಿ ನಿಂತು, ಕೆಲಸದಲ್ಲಿಯೇ ಕಲಿಸುವದು ಅದರ ಒಂದು ಮುಖ್ಯ ಭಾಗ. 2012–13ರ ಸುಮಾರಿಗೆ ಬಳ್ಳಾರಿ ಮತ್ತು ಕಲಬುರ್ಗಿ ಜಿಲ್ಲೆಗಳಲ್ಲಿ ಇದನ್ನು ಒರೆಹಚ್ಚಿ ನೋಡಿದಾಗ, ಇಂಥ ಮಾರ್ಗದರ್ಶನ ಸಿಕ್ಕ ಕೇಂದ್ರಗಳಲ್ಲಿ ದಾದಿಯರ ತಿಳುವಳಿಕೆಯೂ ಸಿದ್ಧತೆಯೂ ಹೆಚ್ಚಿದ್ದು ಕಂಡುಬಂದಿತು. ಇಲ್ಲಿ ದಾದಿಗೆ ಗುರುವಾದವಳು ದಾದಿಯೇ ಎಂಬುದು ಗಮನಿಸತಕ್ಕ ಮಾತು.

ಹಾಗಾದರೆ ನಮ್ಮ ದೇಶದಲ್ಲಿ ಮಕ್ಕಳ ಚಿಕಿತ್ಸಾ ದಾದಿಯೆಂಬ ಹುದ್ದೆ ಏಕೆ ಬೆಳೆದಿಲ್ಲ? ಮಕ್ಕಳ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಪದವಿ ಇದೆ, ನವಜಾತ ಶಿಶುಗಳ ಶುಶ್ರೂಷೆಯಲ್ಲಿ ಡಿಪ್ಲೊಮಾ ಇದೆ. ಆದರೆ ಆ ಪದವಿಯಿಂದ ಔಷಧ ಬರೆಯುವ ಪ್ರತ್ಯೇಕ ಅಧಿಕಾರ ಬರುವದಿಲ್ಲ. ಅಂಥ ಪದವೀಧರೆಯರು ಬಹುಮಟ್ಟಿಗೆ ಪಾಠ ಹೇಳಲು ಹೋಗುತ್ತಾರೆ, ಇಲ್ಲವೆ ಸಾಮಾನ್ಯ ದಾದಿಯಾಗಿಯೇ ದುಡಿಯುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರನಿಗಾ ಘಟಕಗಳ ಚಿಕಿತ್ಸಾ ದಾದಿಗಾಗಿ ಎರಡು ವರುಷದ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿತು. 2018ರಲ್ಲಿ ಕೇಂದ್ರ ಸರಕಾರವು ಹೆರಿಗೆಯ ಚಿಕಿತ್ಸಾ ದಾದಿಗಾಗಿ ಹದಿನೆಂಟು ತಿಂಗಳ ಶಿಕ್ಷಣವನ್ನು ಸಾರಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 32ನೆಯ ಕಲಮು, ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಮಿತವಾದ ಔಷಧಗಳನ್ನು ಬರೆಯಬಲ್ಲ ಸಮುದಾಯ ಆರೋಗ್ಯ ಸೇವಕರಿಗೆ ಪರವಾನಿಗೆ ಕೊಡಲು ಎಡೆಮಾಡಿತು. 2023ರಲ್ಲಿ ಸಂಸತ್ತು 1947ರ ಹಳೆಯ ನರ್ಸಿಂಗ್ ಕಾಯಿದೆಗೆ ಬದಲಾಗಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ದಾರಿ ಹೀಗೆ ತುಸು ತುಸುವಾಗಿ ತೆರೆಯುತ್ತಿದೆ. ಜಗತ್ತಿನಲ್ಲಿ ಮಕ್ಕಳಿಂದ ಆರಂಭವಾದ ಈ ವೃತ್ತಿ ನಮ್ಮಲ್ಲಿ ಮಕ್ಕಳನ್ನು ಮಾತ್ರ ಹಿಂದೆ ಬಿಟ್ಟಿರುವದು ವಿಚಾರ ಮಾಡತಕ್ಕದ್ದಾಗಿದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನೂ ನ್ಯಾಯವಾಗಿ ನೋಡಬೇಕು. ಪಟ್ಟಣದವರಿಗೆ ಪೂರ್ಣ ವೈದ್ಯರು, ಹಳ್ಳಿಯವರಿಗೆ ಅರ್ಧ ವೈದ್ಯರೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯ ಹಿಂದಿನ ಕಳಕಳಿ ನಿಜವಾದದ್ದು. ಹಳ್ಳಿಯ ಮಗಳಾಗಿ ನಾನೂ ಅದನ್ನು ಕೇಳಬಲ್ಲೆ. ಆದರೆ 2022ರ ಕೇಂದ್ರ ಸರಕಾರದ ಲೆಕ್ಕದಲ್ಲಿ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ಮಕ್ಕಳ ತಜ್ಞರಲ್ಲಿ ಐದಕ್ಕೆ ನಾಲ್ಕು ಪಾಲು ಕೊರತೆಯಿತ್ತು. ಆದುದರಿಂದ ಹಳ್ಳಿಯ ತಾಯಿಯ ಮುಂದಿರುವ ಆಯ್ಕೆ ವೈದ್ಯರೋ ದಾದಿಯೋ ಎಂಬುದಲ್ಲ. ಪರಿಣತ ದಾದಿಯೋ, ಪದವಿಯೇ ಇಲ್ಲದೆ ಸೂಜಿ ಚುಚ್ಚುವವನೋ ಎಂಬುದು. ಮೇಲಾಗಿ, ದಾದಿಗೆ ಅಧಿಕಾರ ಕೊಡುವದೆಂದರೆ ವೈದ್ಯರನ್ನು ಕೈಬಿಡುವದಲ್ಲ. ಯಾವ ರೋಗವನ್ನು ತಾನು ನೋಡಬೇಕು, ಯಾವುದನ್ನು ತಡಮಾಡದೆ ಕಳುಹಿಸಬೇಕು ಎಂಬ ಗೆರೆ ಸ್ಪಷ್ಟವಿರಬೇಕು. ಕೂಸು ಹಾಲು ಅಥವಾ ನೀರು ಕುಡಿಯಲಾರದು, ಕುಡಿದದ್ದನ್ನೆಲ್ಲ ಕಾರಿಕೊಳ್ಳುತ್ತದೆ, ಫಿಟ್ಸ್ ಬಂದಿದೆ, ಎಚ್ಚರ ತಪ್ಪಿದೆ ಅಥವಾ ತೀರಾ ಮಂಕಾಗಿದೆ ಎಂದರೆ ಅಲ್ಲಿ ಚರ್ಚೆಗೆ ಎಡೆಯೇ ಇಲ್ಲ, ಕಳುಹಿಸತಕ್ಕದ್ದು. ಕಳುಹಿಸಿದಾಗ ಆಚೆ ಬದಿಯಲ್ಲಿ ಫೋನು ಎತ್ತುವ ವೈದ್ಯರೊಬ್ಬರು ಇರಬೇಕು. ತನ್ನ ಮಿತಿಯನ್ನು ಬಲ್ಲವಳೇ ನಿಜವಾದ ಪರಿಣತೆ.

ಎರಡನೆಯ ಆಕ್ಷೇಪಣೆ ಕೆಲಸದ ಹೊರೆಯದು. ದಾದಿಗೆ ಈಗಲೇ ರಜಿಸ್ಟರುಗಳು, ಮೊಬೈಲಿನಲ್ಲಿ ತುಂಬುವ ಲೆಕ್ಕಗಳು, ಸಭೆಗಳು ಇವೆ. ಅದರ ಮೇಲೆ ನಮ್ಮ ಭಾಗದ ವಿಶೇಷ ಕಷ್ಟವೊಂದಿದೆ. ಮಳೆ ಕೈಕೊಟ್ಟ ವರುಷ ಬಾದಾಮಿ, ಹುನಗುಂದ ಕಡೆಯ ಅನೇಕ ಕುಟುಂಬಗಳು ಗೋವೆಗೋ ಮಂಗಳೂರಿಗೋ ದುಡಿಯಲು ಗುಳೆ ಹೋಗುತ್ತವೆ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳ ನಡುವೆ ಕೂಸು ಮಾಯವಾಗುತ್ತದೆ. ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋದಳೆಂದರೆ ಲೆಕ್ಕ ಎರಡು ಊರುಗಳ ನಡುವೆ ತೂಗಾಡುತ್ತದೆ. ಯಾವ ಮನೆಯ ಬೀಗ ಯಾವಾಗ ತೆರೆಯಿತೆಂಬುದು ದಾದಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇಂಥವಳ ಮೇಲೆ ಇನ್ನಷ್ಟು ಕೆಲಸ ಹೇರಿ ಹುದ್ದೆಯ ಹೆಸರನ್ನು ಮಾತ್ರ ದೊಡ್ಡದು ಮಾಡಿದರೆ ಉಪಯೋಗವಿಲ್ಲ. ಮಕ್ಕಳಿಗೆಂದೇ ಮೀಸಲಾದ ದಾದಿ ಬೇರೆಯಾಗಿ ಇರಬೇಕು, ಆಕೆಗೆ ತಕ್ಕ ಪಗಾರವಿರಬೇಕು, ಖಾಯಂ ನೌಕರಿಯ ನೆಮ್ಮದಿ ಇರಬೇಕು.

ಕೊನೆಯದಾಗಿ ಹೇಳಬೇಕಾದ ಮಾತು ಕಾಯಿದೆಗೆ ಸಂಬಂಧಿಸಿದ್ದಲ್ಲ, ನಮಗೆ ಸಂಬಂಧಿಸಿದ್ದು. ನಾನು ಪಿ.ಯು.ಸಿ. ಮುಗಿಸಿದಾಗ ನರ್ಸಿಂಗ್ ಓದುವ ಮಾತು ಬಂದಿತ್ತು. ಮನೆಯ ಹಿರಿಯರು ಒಪ್ಪಲಿಲ್ಲ. ರಾತ್ರಿ ಪಾಳಿ, ಪರರ ಮಲಮೂತ್ರ ಬಳಿಯುವ ಕೆಲಸ, ನಾಳೆ ಲಗ್ನಕ್ಕೆ ಯಾರು ಬರುತ್ತಾರೆ ಎಂದರು. ಅವರು ಕೆಟ್ಟವರಲ್ಲ, ಊರು ಆಡುವ ಮಾತನ್ನೇ ಆಡಿದರು. ನಮ್ಮ ತರಗತಿಯ ಹಲವು ಗೆಳತಿಯರ ಮನೆಯಲ್ಲಿಯೂ ಇದೇ ಕಥೆ. ಜ್ವರ ಬಂದ ಕೂಸನ್ನು ಎತ್ತಿಕೊಂಡು ನಡುರಾತ್ರಿ ಯಾರ ಬಾಗಿಲು ತಟ್ಟುತ್ತೇವೆಯೋ, ಆಕೆಯ ಕೆಲಸ ನಮ್ಮ ಮಗಳಿಗೆ ಬೇಡವೆನ್ನುವದು ಎಂಥ ನ್ಯಾಯ? ಸಮಾಜ ಕೊಡುವ ಗೌರವವೂ ಒಂದು ಬಗೆಯ ಅಧಿಕಾರವೇ. ಅದನ್ನು ಕೊಡಲು ಸಂಸತ್ತಿನ ಕಾಯಿದೆ ಬೇಕಿಲ್ಲ.

ನಮ್ಮಲ್ಲಿ ಅನೇಕರು ನಾಳೆ ಶಿಕ್ಷಕರಾಗುವವರು, ಪಂಚಾಯತಿ ಕಚೇರಿಗಳಲ್ಲಿ ಕೂಡುವವರು, ಸ್ಪರ್ಧಾ ಪರೀಕ್ಷೆ ಬರೆದು ಅಧಿಕಾರಿಗಳಾಗುವವರು. ದಾದಿಯ ಹುದ್ದೆ ತುಂಬುವ ಕಡತ, ಉಪಕೇಂದ್ರದ ನೀರು-ದೀಪದ ಕಡತ ನಮ್ಮ ಮೇಜಿನ ಮೇಲೆ ಬರುವ ದಿನ ಬರಬಹುದು. ಆಗ ಅದನ್ನು ಕೆಳಗಿನಿಂದ ಮೇಲಕ್ಕೆ ತಂದಿಡೋಣ. ಅಲ್ಲಿಯವರೆಗೆ ಕೈಗೆಟಕುವ ಕೆಲಸವೂ ಇದೆ. ಮುಂದಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ನಡೆಯುವ ಹಳ್ಳಿಯಲ್ಲಿ ಒಂದು ಮಧ್ಯಾಹ್ನವನ್ನು ಅಲ್ಲಿನ ದಾದಿಗೆ ಬಿಟ್ಟುಕೊಡೋಣ. ಉಸಿರೆಣಿಸುವದನ್ನೂ ತಾಯಿ ಕಾರ್ಡು ಓದುವದನ್ನೂ ಆಕೆ ನಮಗೆ ಕಲಿಸಲಿ. ನಮ್ಮಲ್ಲಿ ಬಹಳ ಮಂದಿಯ ಮನೆಗಳಲ್ಲಿ ಓದಬಲ್ಲವರು ನಾವೇ ಮೊದಲಿಗರು. ಆ ಕಾರ್ಡಿನಲ್ಲಿ ಮುಂದಿನ ಲಸಿಕೆಯ ತಾರೀಖು ಬರೆದಿರುತ್ತದೆ. ಓದಿ ಹೇಳುವ ಕೆಲಸವಾದರೂ ನಮ್ಮದಾಗಲಿ.